ಗಾಯಾಳುವಿನಿಂದ ರುಜುವಾತು ಕೇಳಬಹುದೇ?

ದಯಾಳು ಸಮಾರಿಯದವನ ಸಾಮತಿಯನ್ನು ನಾವು ಬಾಲ್ಯದಿಂದಲೂ ಕೇಳುತ್ತಾ ಬಂದಿದ್ದೇವೆ. ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದವನನ್ನು ಆತ ಕಂಡನು, ಗಾಯಗಳನ್ನು ಕಟ್ಟಿದನು, ಛತ್ರಕ್ಕೆ ಕರೆದೊಯ್ದನು. ಆತ ಏನೇನು ಮಾಡಿದನೆಂಬುದು ನಮಗೆ ಬಾಯಿಪಾಠವಾಗಿದೆ. ಆತ ಏನನ್ನು ಕೇಳಲಿಲ್ಲ ಎಂಬುದನ್ನು ಮಾತ್ರ ನಾವು ಗಮನಿಸುವುದು ಕಡಿಮೆ. ಈ ಗಾಯ ಇದೇ ದಾರಿಯಲ್ಲಿ ಆಯಿತೆಂಬುದಕ್ಕೆ ಸಾಕ್ಷಿ ಏನು ಎಂದು ಅವನು ಕೇಳಲಿಲ್ಲ.

ಆದರೆ ಅಮೆರಿಕ ದೇಶವು ತನ್ನ ಸೈನಿಕರಿಗೆ ಇದೇ ಪ್ರಶ್ನೆಯನ್ನು ಹತ್ತಾರು ವರ್ಷಗಳ ಕಾಲ ಕೇಳುತ್ತಾ ಬಂದಿತು. ವಿಯೆಟ್ನಾಂ ಯುದ್ಧದಲ್ಲಿ, 1962ರಿಂದ 1971ರವರೆಗೆ, ಶತ್ರುಗಳಿಗೆ ಕಾಡಿನ ಮರೆ ಸಿಗದಂತೆ ಮಾಡಲು ಅಮೆರಿಕದ ವಿಮಾನಗಳು ಏಳು ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕಗಳನ್ನು ಸಿಂಪಡಿಸಿದವು. ಅವುಗಳಲ್ಲಿ ಹೆಚ್ಚಿನ ಪಾಲು 'ಏಜೆಂಟ್ ಆರೆಂಜ್'. ಪೀಪಾಯಿಗಳ ಮೇಲಿದ್ದ ಕಿತ್ತಳೆ ಬಣ್ಣದ ಪಟ್ಟಿಯಿಂದ ಅದಕ್ಕೆ ಆ ಹೆಸರು ಬಂದಿತು. ಡಯಾಕ್ಸಿನ್ ಎಂಬ ಘೋರ ವಿಷ ಅದರಲ್ಲಿ ಬೆರೆತಿತ್ತು. ಯುದ್ಧ ಮುಗಿಸಿ ಊರಿಗೆ ಮರಳಿದ ಸೈನಿಕರಲ್ಲಿ ಅನೇಕರಿಗೆ ವರ್ಷಗಳ ನಂತರ ಕ್ಯಾನ್ಸರ್ ಕಾಣಿಸಿಕೊಂಡಿತು. ಚಿಕಿತ್ಸೆ ಕೋರಿ ಬಂದವರಿಗೆ ಸರ್ಕಾರ ಕೇಳಿದ್ದು ಒಂದೇ ಮಾತು: ಇದು ಆ ರಾಸಾಯನಿಕದಿಂದಲೇ ಬಂದದ್ದೆಂದು ರುಜುವಾತುಪಡಿಸಿ.

ಸಿಂಪಡಣೆಗೆ ಆಜ್ಞೆ ನೀಡಿದವರಲ್ಲಿ ಒಬ್ಬರು ವಿಯೆಟ್ನಾಮಿನಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಲ್ಮೋ ಜುಮ್‌ವಾಲ್ಟ್. ನದಿಯ ದಡದ ಪೊದೆಗಳಲ್ಲಿ ಅಡಗಿ ಗುಂಡು ಹಾರಿಸುವವರಿಂದ ತಮ್ಮ ನಾವಿಕರನ್ನು ಕಾಪಾಡುವುದು ಅವರ ಉದ್ದೇಶವಾಗಿತ್ತು. ಅದೇ ನದಿಗಳಲ್ಲಿ ದೋಣಿಯೊಂದರ ನಾಯಕನಾಗಿದ್ದವನು ಅವರ ಸ್ವಂತ ಮಗ. ಮಗನಿಗೆ ಮುಂದೆ ಕ್ಯಾನ್ಸರ್ ತಗಲಿತು. 1988ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಆತ ತೀರಿಕೊಂಡನು. ಆ ಆಜ್ಞೆಯಿಂದ ಅನೇಕ ಪ್ರಾಣಗಳು ಉಳಿದವೆಂದೇ ತಂದೆ ಕೊನೆಯವರೆಗೂ ನಂಬಿದ್ದರು. ಆದರೂ 1990ರಲ್ಲಿ ಸರ್ಕಾರಕ್ಕೆ ವರದಿ ಸಲ್ಲಿಸಿ, ಈ ರೋಗಗಳಿಗೂ ರಾಸಾಯನಿಕಕ್ಕೂ ಸಂಬಂಧವಿರುವ ಸಾಧ್ಯತೆ, ಇಲ್ಲದಿರುವ ಸಾಧ್ಯತೆಗಿಂತ ಕಡಿಮೆಯೇನಲ್ಲ ಎಂದು ವಾದಿಸಿದರು. ಮರುವರ್ಷ, 1991ರಲ್ಲಿ, ಕಾಯಿದೆಯೊಂದು ಬಂದಿತು. ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದವರಿಗೆ ಗೊತ್ತುಪಡಿಸಿದ ಕಾಯಿಲೆಗಳು ಬಂದರೆ, ಅವು ಸೇವೆಯಿಂದಲೇ ಬಂದವೆಂದು ಭಾವಿಸತಕ್ಕದ್ದು ಎಂದು ಅದು ವಿಧಿಸಿತು.

ಇಷ್ಟಾದರೂ ಪಾಠ ಮರೆತುಹೋಯಿತು. ಇರಾಕ್ ಮತ್ತು ಅಫ್ಘಾನಿಸ್ತಾನದ ಸೇನಾನೆಲೆಗಳಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ಬಣ್ಣ, ಆಸ್ಪತ್ರೆಯ ತ್ಯಾಜ್ಯ ಎಲ್ಲವನ್ನೂ ತೆರೆದ ಗುಂಡಿಗಳಲ್ಲಿ ವಿಮಾನದ ಇಂಧನ ಸುರಿದು ಸುಡಲಾಯಿತು. ಪಕ್ಕದಲ್ಲೇ ಮಲಗುತ್ತಿದ್ದ ಸೈನಿಕರು ಆ ಹೊಗೆಯನ್ನು ಉಸಿರಾಡಿದರು. 2007ರಿಂದ 2020ರವರೆಗೆ ಆ ಹೊಗೆಯ ಕಾರಣ ಹೇಳಿ ಸಲ್ಲಿಸಿದ ಪರಿಹಾರದ ಅರ್ಜಿಗಳಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ತಿರಸ್ಕೃತವಾದವು. ಕೊನೆಗೆ 2022ರ ಆಗಸ್ಟ್ 10ರಂದು 'ಪ್ಯಾಕ್ಟ್' ಕಾಯಿದೆಗೆ ಸಹಿಯಾಯಿತು. ಇಪ್ಪತ್ತಕ್ಕೂ ಹೆಚ್ಚು ರೋಗಗಳ ವಿಷಯದಲ್ಲಿ ರುಜುವಾತಿನ ಹೊಣೆಯನ್ನು ಅದು ರೋಗಿಯ ಹೆಗಲಿನಿಂದ ಇಳಿಸಿತು. 2024ರ ಮೇ ತಿಂಗಳ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಮಂಜೂರಾಗಿದ್ದವು. ಆದರೆ ಆ ಕಾಯಿದೆ ಯಾರ ಹೆಸರನ್ನು ಹೊತ್ತಿದೆಯೋ ಆ ಸೈನಿಕ ಹೀತ್ ರಾಬಿನ್ಸನ್ ಶ್ವಾಸಕೋಶದ ಕ್ಯಾನ್ಸರಿನಿಂದ 2020ರಲ್ಲೇ ಮರಣ ಹೊಂದಿದ್ದರು.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಯುದ್ಧಭೂಮಿಯನ್ನು ಕಣ್ಣಿನಿಂದ ಕಾಣದವರಿಗೂ ಕ್ಯಾನ್ಸರ್ ಬರುತ್ತದೆ. ಕೊಡುವುದು ಜನರ ತೆರಿಗೆಯ ಹಣ. ಪರೀಕ್ಷಿಸದೆ ಕೊಟ್ಟರೆ ಅರ್ಹರಲ್ಲದವರೂ ಪಡೆಯುವುದಿಲ್ಲವೇ? ಪಡೆಯಬಹುದು, ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ. ಆದರೆ ಎರಡು ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ನೋಡಿ. ಒಂದು ತಪ್ಪಿನಿಂದ ಬೊಕ್ಕಸಕ್ಕೆ ಸ್ವಲ್ಪ ನಷ್ಟ. ಇನ್ನೊಂದರಿಂದ ಸೇವೆಗೈದವನು ಔಷಧವಿಲ್ಲದೆ, ಅದಕ್ಕಿಂತ ಮಿಗಿಲಾಗಿ ಸುಳ್ಳುಗಾರನೆನಿಸಿಕೊಂಡು ಸಾಯುತ್ತಾನೆ. ಇವೆರಡೂ ಸಮತೂಕದ ತಪ್ಪುಗಳಲ್ಲ. ಅಲ್ಲದೆ ಹೊಗೆಯನ್ನು ಸೇವಿಸಿದವನ ಬಳಿ ಅದರ ಲೆಕ್ಕಪತ್ರ ಇರುವುದಿಲ್ಲ. ಎಲ್ಲಿ ಏನನ್ನು ಸುಡಲಾಯಿತು, ಯಾರನ್ನು ಎಲ್ಲಿಗೆ ಕಳುಹಿಸಲಾಯಿತು ಎಂಬುದನ್ನು ಬಲ್ಲದ್ದು ಕಳುಹಿಸಿದ ಸರ್ಕಾರ. ದಾಖಲೆ ಇರಬೇಕಾದವನು ಸುಮ್ಮನಿದ್ದು, ಇಲ್ಲದವನಿಂದ ಅದನ್ನು ಕೇಳುವುದು ನ್ಯಾಯವಾಗಲಾರದು.

ಸಾಮತಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸಮಾರಿಯದವನು ಆ ಗಾಯಕ್ಕೆ ಕಾರಣನಾಗಿರಲಿಲ್ಲ. ಅವನು ತೋರಿದ್ದು ಕರುಣೆ. ಸೈನಿಕನನ್ನು ಆ ದಾರಿಗೆ ಕಳುಹಿಸಿದ್ದು ದೇಶವೇ; ಆದ್ದರಿಂದ ಅದು ಸಲ್ಲಿಸಬೇಕಾದದ್ದು ಋಣ. ಋಣವನ್ನು ಭಿಕ್ಷೆಯಂತೆ ನೀಡುವುದೂ ಒಂದು ಬಗೆಯ ಅನ್ಯಾಯವಲ್ಲವೇ?

ಈ ಋಣ ಸೈನಿಕನ ಮನೆಯ ಬಾಗಿಲಲ್ಲೇ ಮುಗಿಯುವುದೂ ಇಲ್ಲ. ಆ ಮಳೆ ಸುರಿದದ್ದು ವಿಯೆಟ್ನಾಮಿನ ಗದ್ದೆಗಳ ಮೇಲೆ, ಅಲ್ಲಿನ ತಾಯಂದಿರ ಮತ್ತು ಮಕ್ಕಳ ಮೇಲೆ. ರಾಸಾಯನಿಕ ತಯಾರಿಸಿದ ಕಂಪನಿಗಳು 1984ರಲ್ಲಿ ಸೈನಿಕರೊಡನೆ ಹದಿನೆಂಟು ಕೋಟಿ ಡಾಲರಿನ ರಾಜಿ ಮಾಡಿಕೊಂಡವು. ವಿಯೆಟ್ನಾಂ ಜನರು ಅಮೆರಿಕದ ನ್ಯಾಯಾಲಯದಲ್ಲಿ ಹೂಡಿದ ದಾವೆ 2005ರಲ್ಲಿ ವಜಾ ಆಯಿತು. ದನಾಂಗ್ ವಿಮಾನ ನಿಲ್ದಾಣದ ವಿಷಮಣ್ಣನ್ನು ಶುದ್ಧಗೊಳಿಸುವ ಕಾರ್ಯ ಅಮೆರಿಕದ ನೆರವಿನಿಂದ 2012ರಲ್ಲಿ ಆರಂಭವಾಗಿ 2018ರಲ್ಲಿ ಮುಗಿಯಿತು. ಅದು ಒಳ್ಳೆಯ ಆರಂಭವೇ ಹೌದು. ಆದರೆ ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಪ್ರಭು ಯೇಸು ಗಡಿರೇಖೆಯನ್ನು ಉತ್ತರವಾಗಿ ಕೊಡಲಿಲ್ಲ.

ಪ್ರಿಯ ಓದುಗರೇ, ಇದು ದೂರದ ದೇಶದ ಸಂಗತಿಯೆಂದು ಪುಟ ಮಗುಚುವ ಮುನ್ನ ಒಂದು ಕ್ಷಣ ನಮ್ಮನ್ನೇ ಪರೀಕ್ಷಿಸಿಕೊಳ್ಳೋಣ. ನಮ್ಮ ಧರ್ಮಕೇಂದ್ರದಲ್ಲಿ ಬಡವನೊಬ್ಬ ಚಿಕಿತ್ಸೆಗಾಗಿ ಕೈಚಾಚಿದಾಗ ನಮ್ಮ ನಾಲಿಗೆಗೆ ಮೊದಲು ಬರುವ ಮಾತು ಯಾವುದು? 'ಕುಡಿತದಿಂದ ಬಂದಿರಬೇಕು', 'ನಿಜವಾಗಿಯೂ ಅಷ್ಟು ಕಷ್ಟವಿದೆಯೇ?' ವಿಚಾರಿಸುವುದು ತಪ್ಪಲ್ಲ. ವಿಚಾರಣೆ ಮುಗಿಯುವವರೆಗೂ ಗಾಯವನ್ನು ಕಟ್ಟದಿರುವುದು ತಪ್ಪು. ಸಮಾರಿಯದವನು ಛತ್ರದವನಿಗೆ ಎರಡು ಬೆಳ್ಳಿನಾಣ್ಯಗಳನ್ನು ಕೊಟ್ಟು, ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದು ಮಾತು ಕೊಟ್ಟನು. ಎಷ್ಟಾದೀತೆಂದು ಅವನಿಗೂ ತಿಳಿದಿರಲಿಲ್ಲ. ತಿಳಿಯದೆಯೂ ಹೊಣೆ ಹೊತ್ತನು. ನಮಗೆ ಅನುಮಾನ ಬಂದಾಗಲೆಲ್ಲ ಆ ಅನುಮಾನದ ಲಾಭ ಗಾಯಾಳುವಿಗೇ ಸಲ್ಲಲಿ.