ಪರಸ್ಪರೋಪಕಾರವೂ ಲೆಕ್ಕಾಚಾರವೂ

ಬೆಂಗಳೂರಿನ ಶ್ರೀಗಂಧದ ಕಾವಲ್‌ನಂತಹ ಬಡಾವಣೆಗಳ ತಾರಸಿಯ ಮೇಲೆ ಒಂದು ಕೋತಿ ಇನ್ನೊಂದರ ಬೆನ್ನಿನ ಹೇನು ಹೆಕ್ಕುತ್ತಿರುವುದನ್ನು ಕಂಡು, ‘ನೋಡಿ, ನಿಸರ್ಗದಲ್ಲಿ ನಿಸ್ವಾರ್ಥವೆಂಬುದೇ ಇಲ್ಲ, ಎಲ್ಲವೂ ಕೊಟ್ಟು ಕೊಳ್ಳುವ ವ್ಯಾಪಾರ’ ಎನ್ನುವುದು ಈಚೆಗೆ ವಿದ್ಯಾವಂತರ ಮಾತಿನಲ್ಲಿ ರೂಢಿಯಾಗಿದೆ. ವಿಜ್ಞಾನದ ಹೆಸರಿನಲ್ಲಿ ಆಡುವ ಈ ಮಾತನ್ನು ವಿಜ್ಞಾನವು ಹೇಳಿಲ್ಲ.

1971ರ ಲೇಖನವೊಂದರಲ್ಲಿ ಜೀವವಿಜ್ಞಾನಿ ರಾಬರ್ಟ್ ಟ್ರೈವರ್ಸ್ ಪ್ರತಿಪಾದಿಸಿದುದು ಇಷ್ಟೆ: ಉಪಕರಿಸುವವನ ನಷ್ಟ ಅಲ್ಪವಾಗಿ, ಪಡೆಯುವವನ ಲಾಭ ಅಧಿಕವಾಗಿ, ಇಬ್ಬರೂ ಪದೇಪದೇ ಸಂಧಿಸುವ ಮತ್ತು ಒಬ್ಬರನ್ನೊಬ್ಬರು ಗುರುತಿಸಬಲ್ಲ ಜೀವಿಗಳಾಗಿದ್ದು, ಉಂಡು ಮರೆಯುವವನಿಗೆ ಮುಂದೆ ನೆರವು ತಪ್ಪುವಂತಿದ್ದರೆ, ರಕ್ತಸಂಬಂಧವಿಲ್ಲದವರ ನಡುವೆಯೂ ಉಪಕಾರಬುದ್ಧಿ ತಲೆಮಾರುಗಳ ಮೂಲಕ ನೆಲೆಗೊಳ್ಳಬಲ್ಲದು. ತಾಯಿಮಗಳ ನಡುವಣ ಶುಶ್ರೂಷೆಗೆ 1964ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್ ಕೊಟ್ಟ ಬಾಂಧವ್ಯದ ವಿವರಣೆಯೇ ಸಾಕು. ಆದರೆ ನಮ್ಮ ಕೋತಿಗಳ ಗುಂಪಿನಲ್ಲಿ ಹೇನು ಹೆಕ್ಕುವವರೆಲ್ಲರೂ ತಾಯಿಮಕ್ಕಳಲ್ಲ. ಗಂಡುಗಳು ಪ್ರಾಯಕ್ಕೆ ಬಂದು ಬೇರೆ ಗುಂಪು ಸೇರಿದರೂ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಬಾಳುವುದರಿಂದ, ಪರಿಚಯಕ್ಕೂ ಸ್ಮರಣೆಗೂ ಅವಕಾಶ ವಿಪುಲವಾಗಿದೆ. ಪ್ರಾಣಿವರ್ತನೆಯ ಸಂಶೋಧಕ ಅನಿಂದ್ಯ ಸಿನ್ಹ 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೇನು ಹೆಕ್ಕುತ್ತಿರುವ ಇಬ್ಬರ ಬಳಿಗೆ ಅವರಿಗಿಂತ ಮೇಲಿನ ಸ್ಥಾನದ ಹೆಣ್ಣು ಬಂದರೆ, ಎದ್ದುಹೋಗುವವಳು ಸಾಮಾನ್ಯವಾಗಿ ಆ ಇಬ್ಬರಲ್ಲಿ ಕೆಳಗಿನವಳು. ತನ್ನ ಸ್ಥಾನವನ್ನು ಮಾತ್ರವಲ್ಲದೆ ಜೊತೆಗಾತಿಯ ಸ್ಥಾನವನ್ನೂ ಅವಳು ಬಲ್ಲಳೆಂದಾಯಿತು.

ಇಷ್ಟು ಬಲ್ಲ ಪ್ರಾಣಿ ಲಾಭವನ್ನೆಣಿಸಿಯೇ ಹೇನು ಹೆಕ್ಕುತ್ತದೆಯೆ? ಎಡವುವುದು ಇಲ್ಲಿಯೇ. ಒಂದು ಪ್ರವೃತ್ತಿ ಏತಕ್ಕೆ ಉಳಿದುಬಂದಿತೆಂಬುದು ಬೇರೆ, ಅದನ್ನು ಆಚರಿಸುವ ಜೀವಿಯ ಮನಸ್ಸಿನಲ್ಲಿ ಏನಿದೆಯೆಂಬುದು ಬೇರೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ನೋಡಬಹುದು. ಈ ದಿನ ನಾನು ನಿಮ್ಮ ರಾಗಿಹೊಲದ ಕಳೆ ಕಿತ್ತರೆ ನಾಳೆ ನೀವು ನನ್ನದನ್ನು ಕೀಳುವಿರೆಂಬ ನಂಬಿಕೆಯಿಂದಲೇ ಆ ಪದ್ಧತಿ ಬಾಳಿತು, ನಿಜ. ಆದರೆ ನೆರೆಮನೆಯ ಗಂಡಸು ಜ್ವರದಿಂದ ಮಲಗಿದಾಗ ಕರೆಯುವ ಮೊದಲೇ ಕುಡುಗೋಲು ಹಿಡಿದು ಹೊರಟ ರೈತನ ಎದೆಯಲ್ಲಿದ್ದುದು ಮರುಕವೇ ಹೊರತು ಬಾಕಿಯ ಲೆಕ್ಕವಲ್ಲ. ಪದ್ಧತಿಯ ಆಯುಷ್ಯಕ್ಕೆ ಕಾರಣವಾದ ಪ್ರತಿಫಲವನ್ನು ಆ ಮರುಕದ ಹೊಟ್ಟೆಯೊಳಗೆ ತುರುಕುವ ಹಕ್ಕು ಯಾರಿಗೂ ಇಲ್ಲ.

ಪರೋಪಕಾರಿಯ ತೊಗಲನ್ನು ಕೆರೆದರೆ ಕಾಣುವುದು ಕಪಟಿಯೇ ಎಂಬರ್ಥದ ಮಾತನ್ನು 1974ರಲ್ಲಿ ಬರೆದ ಜೀವವಿಜ್ಞಾನಿ ಮೈಕೇಲ್ ಗಿಸೆಲಿನ್ ಮಾಡಿದುದು ಇದನ್ನೇ. ಕಪಟಕ್ಕೆ ಬೇಕಾದುದು ಮರೆಮಾಚಿದ ಉದ್ದೇಶ. ಲಕ್ಷಾಂತರ ವರ್ಷಗಳ ನಿಸರ್ಗದ ಆಯ್ಕೆಗೆ ಉದ್ದೇಶವೇ ಇಲ್ಲದಿರುವಾಗ ಕಪಟಿ ಯಾರು? ಟ್ರೈವರ್ಸ್‌ನಾದರೋ ಮನುಷ್ಯನ ಸ್ನೇಹ, ಕೃತಜ್ಞತೆ, ಅನುಕಂಪ, ಪಶ್ಚಾತ್ತಾಪಗಳನ್ನು ಪರಸ್ಪರೋಪಕಾರವನ್ನು ನಡೆಯಿಸುವ ಅಂತರಂಗದ ಶಕ್ತಿಗಳೆಂದು ಆ ಲೇಖನದಲ್ಲಿಯೇ ವಿವರಿಸಿದನು. ಭಾವ ನಿಜವಾಗಿಲ್ಲದಿದ್ದರೆ ಅದು ಆ ಕೆಲಸವನ್ನು ಮಾಡಲಾರದು.

ಕೋತಿಗಳಲ್ಲಿಯೂ ಉಪಕಾರವು ಹೀಗೆ ಪರಿಚಯ, ಸ್ಮರಣೆಗಳ ಮೇಲೆ ನಿಂತಿರುವಾಗ, ಉಪಟಳವೆಂಬ ದೂರಿನ ಮೇಲೆ ಒಂದು ಗುಂಪಿನ ನಾಲ್ಕಾರು ಕೋತಿಗಳನ್ನು ಬೋನಿನಲ್ಲಿ ಹಿಡಿದು ದೂರದ ಕಾಡಿನಲ್ಲಿ ಬಿಡುವುದು ಬರಿಯ ಸ್ಥಳಾಂತರವಲ್ಲ. ಗುರುತು, ನೆನಪು, ಮರಳಿ ಸಂಧಿಸುವ ಭರವಸೆ, ಈ ಮೂರೂ ಅಲ್ಲಿ ಒಮ್ಮೆಲೇ ಕಡಿದುಹೋಗುತ್ತವೆ, ಹಿಡಿದವುಗಳಿಗೂ ಉಳಿದವುಗಳಿಗೂ. ತಾರಸಿಯಲ್ಲಿ ಎಂಜಲು ಚೆಲ್ಲುವುದನ್ನು ಮೊದಲು ನಿಲ್ಲಿಸೋಣ. ಹಿಡಿಯದೆ ವಿಧಿಯಿಲ್ಲವೆಂದಾದರೆ, ಗುಂಪನ್ನು ಒಡೆಯದೆ ಇಡಿಯಾಗಿ ಸಾಗಿಸುವ ಶ್ರಮವನ್ನಾದರೂ ನಾವು ವಹಿಸಬೇಕು.