ಹೊಂಗೆಯೂ ತೆಂಗೂ

ಹೊಂಗೆಯನ್ನು ಬುಡದ ತನಕ ಕಡಿದರೂ ಮಳೆ ಬಿದ್ದ ಮೇಲೆ ಬೊಡ್ಡೆಯ ಸುತ್ತ ಚಿಗುರು ಏಳುತ್ತದೆ. ತೊಗಟೆಯಡಿ ಮಲಗಿದ್ದ ಮೊಗ್ಗು ಹಳೆಯ ಬೇರಿನ ನೀರು ಕುಡಿದು ಎದ್ದದ್ದು ಅದು. ಸಂಗೀತ ಚಿಕಿತ್ಸೆಯ ಒಂದು ದಾರಿ ಮನುಷ್ಯನನ್ನೂ ಹೀಗೆ ನೋಡುತ್ತದೆ: ಹೋದದ್ದೆಷ್ಟು ಎಂದು ಅಳೆಯುವ ಮೊದಲು ಉಳಿದದ್ದೇನು ಎಂದು ಕೇಳುತ್ತದೆ. ನಾರ್ವೆಯ ರಾಂಡಿ ರೋಲ್ವ್ಸ್‌ಯೋರ್ಡ್ 2010ರಲ್ಲಿ ಈ ನೋಟದ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ನಿಂತವರಲ್ಲಿ ಕೆಲವರು, 'ನೀರು' ಎನ್ನಲಾಗದವರು, ಚಿಕ್ಕಂದಿನಲ್ಲಿ ಕಲಿತ ಹಾಡನ್ನು ಪದಸಮೇತ ಹಾಡಿಬಿಡುತ್ತಾರೆ. 1973ರಲ್ಲಿ ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು ಈ ಉಳಿಕೆಯನ್ನೇ ಹಿಡಿದು ಒಂದು ಕ್ರಮವನ್ನು ಪ್ರಕಟಿಸಿದರು. ಸಣ್ಣದೊಂದು ಮಾತನ್ನು ಏರು-ಇಳಿ ಸ್ವರಗಳಲ್ಲಿ ರಾಗವಾಗಿ ಹೇಳಿಸುವುದು, ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯನ್ನು ತಟ್ಟಿಸುವುದು, ನಾಲಿಗೆ ಪಳಗಿದ ಹಾಗೆ ರಾಗವನ್ನು ಮೆಲ್ಲಗೆ ಕಳಚುವುದು. ಹಾಡುವುದು ಬೇರೆ, ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು ಬೇರೆ. ನಡುವೆ ದಾರಿ ಮಾಡುವುದು ದಿನಗಟ್ಟಲೆ ಬೆವರಿನ ಕೆಲಸ.

ನನಗೆ ಈ ದಾರಿ ಇಷ್ಟ. ಆದರೂ ಒಂದು ಅಳುಕು ಇದೆ. ಲಕ್ವ ಹೊಡೆದು ಮಾತು ಹೋದ ನನ್ನ ಸೋದರತ್ತೆಯನ್ನು ನೋಡಲು ಬಂದವರೆಲ್ಲ, "ಹಾಡೋಕೆ ಬರುತ್ತಲ್ಲಮ್ಮ, ಅದೇ ದೊಡ್ಡದು" ಎನ್ನುತ್ತಿದ್ದರು. ಆಕೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಇರುವುದನ್ನು ಹೊಗಳುತ್ತ ಹೋದದ್ದಕ್ಕೆ ಅಳಲೂ ಬಿಡದಿರುವುದು ಉಪಕಾರವೇ? ಉಳಿದದ್ದನ್ನು ಹುಡುಕುವವರು ಮೊದಲು ಹೋದದ್ದರ ಪಕ್ಕದಲ್ಲೂ ಒಂದಿಷ್ಟು ಹೊತ್ತು ಕೂರಬೇಕು.

ಇನ್ನೊಂದು ಮಾತು. ಪ್ರಕೃತಿಯೇ ಗುರು ಎನ್ನುವವರು ಹೊಂಗೆಯನ್ನು ತೋರಿಸುತ್ತಾರೆ, ತೆಂಗನ್ನು ತೋರಿಸುವುದಿಲ್ಲ. ತೆಂಗಿಗೆ ಇರುವುದು ಒಂದೇ ಸುಳಿ. ಅದು ಕೊಳೆತರೆ ಮರ ಮತ್ತೆ ಚಿಗುರುವುದಿಲ್ಲ. ಅದೂ ಪ್ರಕೃತಿಯೇ, ಆಮೇಲೆ ಬರುವ ಗೆದ್ದಲೂ ಪ್ರಕೃತಿಯೇ. ಎಲ್ಲಿ ಹುಡುಕಬೇಕೆಂದು ಮರ ಹೇಳಿಕೊಡಬಹುದು. ಚಿಗುರದವರ ಬಳಿ ಯಾಕೆ ಕೂರಬೇಕು ಎಂಬುದನ್ನು ಮಾತ್ರ ಯಾವ ಕಾಡೂ ಹೇಳಿಕೊಡುವುದಿಲ್ಲ. ಅದು ಮನುಷ್ಯರು ತಾವೇ ಕಟ್ಟಿಕೊಂಡ ಋಣ ಎಂದು ನನಗನ್ನಿಸುತ್ತದೆ. ಚಿಕಿತ್ಸಕರಲ್ಲಿ ಆ ಋಣ ಬಲ್ಲವರಿದ್ದಾರೆ. ಕೊನೆಯ ದಿನಗಳ ಆರೈಕೆಯಲ್ಲಿ ಅವರು ತಮ್ಮ ದನಿಯನ್ನೋ ಗಿಟಾರನ್ನೋ ರೋಗಿಯ ಉಸಿರಿನ ಲಯಕ್ಕೆ ಹೊಂದಿಸಿಕೊಳ್ಳುತ್ತಾರೆ. ಅಲ್ಲಿ ಚಿಗುರಿನ ನಿರೀಕ್ಷೆ ಇಲ್ಲ. ಉಸಿರು ನಿಧಾನವಾದರೆ ಹಾಡೂ ನಿಧಾನವಾಗುತ್ತದೆ.