ಅವುಡುಗಚ್ಚಿದ್ದು ಸಹನೆಯೇ?

ವಿದ್ಯಾರ್ಥಿನಿಲಯದಲ್ಲಿ ಸಾಲಾಗಿ ಮಲಗಿ ಬೆಳೆದವರಿಗೆ ನಡುರಾತ್ರಿಯ ‘ಕಟಕಟ’ ಸದ್ದು ಹೊಸದಲ್ಲ. ಹಗಲೆಲ್ಲ ಸಾಧುವಾಗಿದ್ದ ಗೆಳೆಯನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರುತ್ತಾನೆ. ಬೆಳಗ್ಗೆ ಕೇಳಿದರೆ ಅವನಿಗೇನೂ ತಿಳಿಯದು. ಹಿರಿಯರು ಅದನ್ನು ಹೊಟ್ಟೆಹುಳುವಿನ ಬಾಧೆ ಎನ್ನುತ್ತಿದ್ದರು. ಒಳಗೆ ಅಡಗಿದ ದ್ವೇಷವೆಂದು ಬಗೆಯುವವರೂ ಉಂಟು. ಅರಿವಿಲ್ಲದೆ ನಡೆದ ಈ ಕ್ರಿಯೆಗೆ ಅವನು ಹೊಣೆಯೇ?

ವೈದ್ಯಶಾಸ್ತ್ರವು ಇದನ್ನು ‘ಬ್ರಕ್ಸಿಸಂ’ ಎಂದು ಕರೆದು, ನಿದ್ದೆಯಲ್ಲಿ ನಡೆಯುವುದು, ಎಚ್ಚರದಲ್ಲಿ ನಡೆಯುವುದು ಎಂದು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯದು ಬಹುಮಟ್ಟಿಗೆ ಮಿದುಳಿನ ವ್ಯಾಪಾರ. ನಿದ್ದೆಯು ಕ್ಷಣಕಾಲ ಹಗುರಾದಾಗ ದವಡೆಯ ಸ್ನಾಯುಗಳು ಚುರುಕಾಗುತ್ತವೆ. ಹೊಗೆಸೊಪ್ಪು, ಮದ್ಯ, ಕೆಲವು ಔಷಧಿಗಳು ಇದನ್ನು ಹೆಚ್ಚಿಸಬಲ್ಲವು. ಬೇರೆ ಕಾಯಿಲೆಯಿಲ್ಲದವರಲ್ಲಿ ಇದನ್ನು ರೋಗವೆನ್ನಲಾಗದು, ಹಾನಿ ತರಬಹುದಾದ ಒಂದು ವರ್ತನೆ ಎನ್ನಬೇಕು ಎಂದು 2018ರಲ್ಲಿ ನಾನಾ ದೇಶಗಳ ತಜ್ಞರು ಸಹಮತಕ್ಕೆ ಬಂದರು. ಆದುದರಿಂದ ಮಲಗಿದವನ ಸದ್ದಿನಿಂದ ಅವನ ಶೀಲವನ್ನು ಅಳೆಯುವುದು ಅನ್ಯಾಯ.

ಎಚ್ಚರದಲ್ಲಿ ದವಡೆ ಬಿಗಿಯುವುದರ ಬಗೆ ಬೇರೆ. ಚಿಂತೆಗೂ ಮನದ ಒತ್ತಡಕ್ಕೂ ಅದರೊಡನೆ ನಂಟುಂಟು. ವಿಶ್ರಾಂತಿಯಲ್ಲಿರುವ ಬಾಯಲ್ಲಿ ತುಟಿಗಳು ಸೇರಿದ್ದರೂ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಕೆಲವು ಮಿಲಿಮೀಟರಿನಷ್ಟು ತೆರಪು ಇರುತ್ತದೆ. ಓದುಗ ಬಂಧುಗಳೇ, ಈ ಸಾಲನ್ನು ಓದುತ್ತಿರುವಾಗ ನಿಮ್ಮ ಹಲ್ಲುಗಳು ಹೇಗಿವೆ?

‘ಅವುಡುಗಚ್ಚಿ ಸಹಿಸಿದ’ ಎಂಬುದು ನಮ್ಮಲ್ಲಿ ಮೆಚ್ಚುಗೆಯ ಮಾತು. ಆದರೆ ಹಾಗೆ ಸಹಿಸಿದವನು ಕೋಪವನ್ನು ಗೆದ್ದವನೋ, ಅದು ಹೊರಬೀಳದಂತೆ ಸೆರೆಯಲ್ಲಿಟ್ಟವನೋ? ಗೆದ್ದ ಕೋಪಕ್ಕೆ ಕಾವಲು ಬೇಕಿಲ್ಲ; ಸೆರೆಯಾದ ಕೋಪಕ್ಕೆ ಹಗಲಿರುಳೂ ಕಾವಲು ಬೇಕು. ಹಾಗೆಂದು ಆ ಬಿಗಿತವು ವ್ಯರ್ಥವೆನ್ನಲಾಗದು. ಆಡಬಾರದ ಮಾತನ್ನು ಆ ಗಳಿಗೆಯಲ್ಲಿ ತಡೆದುದೂ ಧರ್ಮವೇ. ಅದು ಮೊದಲ ಮೆಟ್ಟಿಲು. ಅಲ್ಲಿಯೇ ನಿಂತು ಮನೆ ಸೇರಿದೆವೆಂದು ತಿಳಿಯಬಾರದು.

ಇನ್ನೊಂದು ವಿಚಾರವುಂಟು. ತಾಳ್ಮೆಯನ್ನು ನಾವು ಹೆಚ್ಚಾಗಿ ಬೋಧಿಸುವುದು ಯಾರಿಗೆ? ಮನೆಯ ಸೊಸೆಗೆ, ಕೈಕೆಳಗಿನ ನೌಕರನಿಗೆ, ಎದುರಾಡಲಾರದ ಮಗುವಿಗೆ. ಮಾತನಾಡಲು ಎಡೆಯಿಲ್ಲದವರ ಮೌನವನ್ನು ಸದ್ಗುಣವೆಂದು ಹೊಗಳುವುದು ಹೊಗಳುವವರಿಗೆ ಅನುಕೂಲ. ಅದು ಅವರ ಗುಣವಲ್ಲ, ನಾವು ಹೇರಿದ ಹೊರೆ. ದಂತವೈದ್ಯರು ಕೊಡುವ ಕವಚವನ್ನು ರಾತ್ರಿ ತೊಟ್ಟರೆ ಹಲ್ಲಿನ ಸವೆತ ತಗ್ಗೀತು. ಆಡಲಾಗದೆ ಉಳಿದ ಮಾತಿಗೆ ಅದು ಮದ್ದಲ್ಲ. ಅದಕ್ಕೆ ಬೇಕಾದುದು ಕೇಳುವ ಕಿವಿ.

ನಿಮ್ಮ ಮನೆಯಲ್ಲಿ ಬಹುಕಾಲದಿಂದ ಸುಮ್ಮನಿರುವವರು ಯಾರೆಂದು ಇಂದು ಒಮ್ಮೆ ನೋಡಿರಿ. ಅವರ ತಾಳ್ಮೆಯನ್ನು ಕೊಂಡಾಡುವ ಮುನ್ನ ಅವರ ಮಾತನ್ನು ಕೇಳಿರಿ.